ಜಾಕಿ ಹೀಲಿ-ರೇ ಟೋಪಿ ನೋಡಿ ನಕ್ಕಿದ್ದು ಸಾಕು, ಒಪ್ಪಂದದ ಕಾಗದ ಎಲ್ಲಿ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ,

ಐರ್ಲೆಂಡ್ ರಾಜಕೀಯ ನಮ್ಮ ಪೇಪರ್‌ಗಳ ವಿದೇಶ ಪುಟಕ್ಕೆ ಬರೋದೇ ಅಪರೂಪ, ಬಂದ್ರೂ ಹೆಚ್ಚಾಗಿ ತಮಾಷೆ ಸುದ್ದಿಯಾಗೇ ಬರುತ್ತೆ. ಹಳ್ಳಿ ಜನ ಒಂದೆರಡು ಗ್ಲಾಸ್ ಹಾಕ್ಕೊಂಡು ಗಾಡಿ ಓಡಿಸೋಕೆ ಪರ್ಮಿಟ್ ಕೊಡಿ ಅಂದ ಕೌನ್ಸಿಲರ್, ಹವಾಮಾನ ದೇವರ ಕೈಲಿದೆ ಮನುಷ್ಯರಿಂದ ಏನೂ ಆಗಲ್ಲ ಅಂದ ಎಂಪಿ, ಇಂಥವು. ವಾಟ್ಸಾಪ್ ಗ್ರೂಪಲ್ಲಿ ಎರಡು ದಿನ ಓಡಾಡುತ್ತೆ, ಎಲ್ರೂ ನಗ್ತಾರೆ, ಮುಗೀತು. ಆ ಎರಡೂ ಮಾತು ಆಡಿದ್ದು ಒಬ್ಬರೇ, ಡ್ಯಾನಿ ಹೀಲಿ-ರೇ ಅಂತ. ನಾನು ಕೆಲಸದ ಮೇಲೆ ಬಂದು ಅವರ ಕೌಂಟಿ ಕೆರ್ರಿಯಲ್ಲೇ ಸೆಟಲ್ ಆಗಿರೋನು, ಹಾಗಾಗಿ ಆ ಮನೆತನದ ಬಗ್ಗೆ, ಮುಖ್ಯವಾಗಿ ಅದನ್ನೆಲ್ಲ ಶುರು ಮಾಡಿದ ಡ್ಯಾನಿ ಅಪ್ಪ ಜಾಕಿ ಹೀಲಿ-ರೇ ಬಗ್ಗೆ ಸ್ವಲ್ಪ ಉದ್ದವಾಗೇ ಬರೀಬೇಕು ಅನ್ನಿಸ್ತು. ಪೂರ್ತಿ ಹಾಕೋಕೆ ಜಾಗ ಇಲ್ದಿದ್ರೆ ಕತ್ತರಿಸಿ ಹಾಕಿ, ಆದ್ರೆ ಸರ್ಕಾರಕ್ಕೆ ಬೆಂಬಲ ಕೊಡೋಕೆ ಜಾಕಿ ಮಾಡ್ಕೊಂಡ 2007ರ ಒಪ್ಪಂದದ ಭಾಗ ಮಾತ್ರ ದಯವಿಟ್ಟು ಬಿಡಬೇಡಿ.

ಜಾಕಿ ಹುಟ್ಟಿದ್ದು 1931ರಲ್ಲಿ, ಕಿಲ್ಗಾರ್ವನ್ ಅನ್ನೋ ಪುಟ್ಟ ಊರಲ್ಲಿ. ಕೆರ್ರಿಯ ದಕ್ಷಿಣದ ಅಂಚು ಅದು, ಬೆಟ್ಟ ದಾಟಿದ್ರೆ ಆ ಕಡೆ ಕಾರ್ಕ್ ಕೌಂಟಿ, ಈ ಕಡೆ ಕೆನ್‌ಮೇರ್ ಪಟ್ಟಣ, ಮಧ್ಯದಲ್ಲಿ ಕುರಿ, ಕಲ್ಲುಬಂಡೆ, ಮಳೆ. ರಾಜಧಾನಿ ಡಬ್ಲಿನ್‌ಗೆ ಕಾರಲ್ಲಿ ನಾಲ್ಕೈದು ಗಂಟೆ ದಾರಿ, ಅದೂ ಈಗಿನ ರಸ್ತೇಲಿ, ಆಗ ಎಷ್ಟು ಹೊತ್ತು ಹಿಡೀತಿತ್ತೋ. ಆ ಭಾಗದಲ್ಲಿ ಹೀಲಿ ಅನ್ನೋ ಮನೆಗಳು ಜಾಸ್ತಿ ಇದ್ದಿದ್ರಿಂದ ಗುರುತಿಗೆ ಜಾಗದ ಹೆಸರಿನ ತುಂಡು 'ರೇ' ಅಂತ ಸೇರಿಸ್ಕೊಂಡ್ರಂತೆ. ಕಸುಬು ಅಂದ್ರೆ ವ್ಯವಸಾಯ, ಜೊತೆಗೆ ಮಣ್ಣು ಅಗೆಯೋ ಯಂತ್ರ ಬಾಡಿಗೆಗೆ ಕೊಡೋ ಬಿಸಿನೆಸ್ಸು, ಊರಲ್ಲಿ ಒಂದು ಪಬ್ಬು. ವಯಸ್ಸಲ್ಲಿದ್ದಾಗ ಡ್ಯಾನ್ಸ್ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ನುಡಿಸ್ತಿದ್ರು, ಹರ್ಲಿಂಗ್ (ಕೋಲು ಚೆಂಡಿನ ಐರಿಷ್ ಆಟ) ಆಡ್ತಿದ್ರು. ಕೆರ್ರಿ ಅಂದ್ರೆ ಗೇಲಿಕ್ ಫುಟ್‌ಬಾಲ್‌ಗೆ ಹೆಸರುವಾಸಿ, ಅಖಿಲ ಐರ್ಲೆಂಡ್ ಕಪ್ ಅತಿ ಹೆಚ್ಚು ಸಲ ಗೆದ್ದ ಕೌಂಟಿ ಇದು, ಅಂಥ ಕಡೆ ಹರ್ಲಿಂಗ್ ಬ್ಯಾಟ್ ಹಿಡಿದ್ರು ಅನ್ನೋದ್ರಲ್ಲೇ ಮನುಷ್ಯನ ಜಾಯಮಾನ ಸ್ವಲ್ಪ ಗೊತ್ತಾಗುತ್ತೆ.

ರಾಜಕೀಯದಲ್ಲಿ ಅವರು ಮೊದಲು ಪಕ್ಕಾ ಪಕ್ಷದ ಆಳು. ಈಮನ್ ಡಿ ವಲೇರಾ 1926ರಲ್ಲಿ ಕಟ್ಟಿದ ಫಿಯಾನಾ ಫಾಯಿಲ್ ಪಾರ್ಟಿ, ಹಳ್ಳಿ ಕಡೆ ಅದರ ಸಂಘಟನೆ ಎಷ್ಟು ಗಟ್ಟಿ ಇತ್ತು ಅಂದ್ರೆ ಪ್ರತಿ ಚರ್ಚ್ ಗೇಟಿಗೊಬ್ಬ ಕಾರ್ಯಕರ್ತ. 1966ರಲ್ಲಿ ದಕ್ಷಿಣ ಕೆರ್ರಿ ಕ್ಷೇತ್ರಕ್ಕೆ ಉಪಚುನಾವಣೆ ಆಯ್ತು, ಫಿಯಾನಾ ಫಾಯಿಲ್‌ನ ಜಾನ್ ಓಲಿಯರಿ ಗೆದ್ರು, ಆ ಚುನಾವಣೇಲಿ ಹಗಲು ರಾತ್ರಿ ಓಡಾಡಿ ಓಟು ಕೂಡಿಸಿದವರಲ್ಲಿ ಜಾಕಿ ಮುಂದಿನ ಸಾಲಲ್ಲಿದ್ರು. ಆಮೇಲೆ 1973ರಲ್ಲಿ ಕೆರ್ರಿ ಕೌಂಟಿ ಕೌನ್ಸಿಲ್‌ಗೆ ಬಂದ್ರು, ಅದೂ ಚುನಾವಣೆ ಮೂಲಕ ಅಲ್ಲ, ಕೋ-ಆಪ್ಷನ್ ಮೂಲಕ. ಇಲ್ಲಿ ಕೌನ್ಸಿಲರ್ ತೀರಿಕೊಂಡ್ರೆ ಅಥವಾ ಬಿಟ್ಟುಹೋದ್ರೆ ಉಪಚುನಾವಣೆ ಇಲ್ಲ, ಕೌನ್ಸಿಲ್‌ನವರೇ ಒಬ್ಬರನ್ನ ಆರಿಸಿ ಖಾಲಿ ಕುರ್ಚಿಗೆ ಕೂರಿಸ್ತಾರೆ, ಸಾಮಾನ್ಯವಾಗಿ ಯಾವ ಪಕ್ಷದ ಕುರ್ಚಿಯೋ ಆ ಪಕ್ಷ ಹೇಳಿದವರನ್ನ. ಈ ಕೋ-ಆಪ್ಷನ್ ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕೌನ್ಸಿಲರ್ ಕೆಲಸ ಅಂದ್ರೆ ಏನು ಅಂತ ದೂರದಿಂದ ನೋಡೋರಿಗೆ ಗೊತ್ತಾಗಲ್ಲ. ಯಾರದೋ ಮನೆ ಮುಂದೆ ಚರಂಡಿ ಕಟ್ಕೊಂಡಿದೆ, ಯಾರಿಗೋ ಮೆಡಿಕಲ್ ಕಾರ್ಡ್ ಬಂದಿಲ್ಲ (ಆದಾಯ ಕಡಿಮೆ ಇರೋರಿಗೆ ಡಾಕ್ಟ್ರು ಆಸ್ಪತ್ರೆ ಫ್ರೀ ಮಾಡೋ ಕಾರ್ಡ್ ಅದು), ಯಾರೋ ತಮ್ಮ ಜಮೀನಲ್ಲೇ ಮಗನಿಗೊಂದು ಮನೆ ಕಟ್ಟಿಸಬೇಕು ಪ್ಲಾನಿಂಗ್ ಪರ್ಮಿಷನ್ ಸಿಗ್ತಿಲ್ಲ, ಇಂಥವು. ಈ ಮನೆ ಪರ್ಮಿಷನ್ ವಿಷಯದಲ್ಲಿ ಒಂದು ವಿಚಿತ್ರ ಅಸ್ತ್ರ ಇತ್ತು, 1955ರ ಕಾಯ್ದೆಯ 4ನೇ ಸೆಕ್ಷನ್. ಕೌಂಟಿ ಮ್ಯಾನೇಜರ್ ಅನ್ನೋ ಅಧಿಕಾರಿ ಆಗಲ್ಲ ಅಂದ್ರೂ ಕೌನ್ಸಿಲರ್‌ಗಳು ಸೇರಿ ಒಂದು ನಿರ್ಣಯ ಪಾಸ್ ಮಾಡಿ, ಕೊಡಲೇಬೇಕು ಅಂತ ಅವರಿಗೇ ಆರ್ಡರ್ ಮಾಡಬಹುದಿತ್ತು. ಕೆರ್ರಿ, ಗಾಲ್ವೇ ಥರದ ಪಶ್ಚಿಮದ ಕೌಂಟಿಗಳಲ್ಲಿ ಇದನ್ನ ಎಷ್ಟು ಧಾರಾಳವಾಗಿ ಬಳಸಿದ್ರು ಅಂದ್ರೆ 1991ರಲ್ಲಿ ಕಾನೂನು ಬಿಗಿ ಮಾಡಬೇಕಾಯ್ತು. ಬೆಟ್ಟದ ಮೇಲೆ ಒಂಟೊಂಟಿಯಾಗಿ ಮನೆ ಎದ್ದು ನೋಟ ಹಾಳಾಯ್ತು, ನೀರು ಕೆಟ್ಟೋಯ್ತು ಅಂತ ಪಟ್ಟಣದವರ ಗೋಳು, ನಮ್ಮ ಮಕ್ಕಳು ನಮ್ಮ ಜಮೀನಲ್ಲಿ ಇರಬಾರದಾ ಅಂತ ಹಳ್ಳಿಯವರ ಗೋಳು. ಇಬ್ಬರದೂ ಸುಳ್ಳಲ್ಲ. ಆದ್ರೆ ಗಮನಿಸಿ, ಹಕ್ಕಿನಿಂದ ಸಿಗಬೇಕಾದ್ದು ಹಕ್ಕಿನಿಂದಲೇ ಸಿಕ್ಕಿದ್ರೂ ಜನ ಅದನ್ನ ಜಾಕಿ ಕೊಡಿಸಿದ್ದು ಅಂತಾನೇ ಲೆಕ್ಕ ಹಾಕ್ತಿದ್ರು. ಆಫೀಸಿಂದ ಕಾಗದ ಮನೆಗೆ ಬರೋ ಮುಂಚೆ "ನಿಮ್ಮ ಕೆಲಸ ಆಯ್ತು" ಅಂತ ರಾಜಕಾರಣಿ ಕಾಗದ ಬಂದಿರ್ತಿತ್ತು, ಐರ್ಲೆಂಡಲ್ಲಿ ಇದು ಎಲ್ಲ ಪಕ್ಷದವರೂ ಮಾಡೋ ಹಳೇ ಟ್ರಿಕ್ಕು, ಜಾಕಿ ಒಬ್ಬರದೇ ಅಲ್ಲ.

ಈಗ 1997. ಮೂವತ್ತು ವರ್ಷ ಎಂಪಿ ಆಗಿದ್ದ (ಇಲ್ಲಿ ಟಿಡಿ ಅಂತಾರೆ) ಜಾನ್ ಓಲಿಯರಿ ನಿವೃತ್ತಿ ತಗೊಂಡ್ರು. ಜಾಕಿಗೆ ಆಗ 66 ವರ್ಷ, ಜೀವನ ಪೂರ್ತಿ ಪಕ್ಷಕ್ಕೆ ದುಡಿದಿದೀನಿ ಈಗಾದ್ರೂ ನನಗೆ ಟಿಕೆಟ್ ಕೊಡಿ ಅಂದ್ರು. ಪಕ್ಷ ಕೊಡಲಿಲ್ಲ, ಓಲಿಯರಿ ಅವರ ಮಗನಿಗೆ ಕೊಡ್ತು. ಜಾಕಿ ಪಕ್ಷೇತರ ಆಗಿ ನಿಂತ್ರು, ಡಬ್ಲಿನ್ನಿನ ಪಂಡಿತರು ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ, ಈ ವಯಸ್ಸಲ್ಲಿ ಮುನಿಸ್ಕೊಂಡಿರೋ ಮುದುಕ ಅಂದ್ಕೊಂಡ್ರು, ರಿಸಲ್ಟ್ ಬಂದಾಗ ಮೂರು ಸೀಟಲ್ಲಿ ಒಂದು ಅವರದು. ಪಕ್ಷದ ಓಟು ಎಲ್ಲಿದೆ, ಯಾವ ಮನೆಯವರು ಯಾರ ಮೇಲೆ ಸಿಟ್ಟಾಗಿದಾರೆ, ಯಾರನ್ನ ಬೂತಿಗೆ ಕಾರಲ್ಲಿ ಕರ್ಕೊಂಡು ಬರಬೇಕು, ಎಲ್ಲ ಗೊತ್ತಿದ್ದ ಮನುಷ್ಯನನ್ನೇ ಹೊರಗೆ ಹಾಕಿದ್ರೆ ಇನ್ನೇನಾಗುತ್ತೆ ಹೇಳಿ.

ಇಲ್ಲಿನ ಎಲೆಕ್ಷನ್ ಪದ್ಧತಿ ಹೇಳದೆ ಇದು ಅರ್ಥ ಆಗಲ್ಲ, ಸ್ವಲ್ಪ ತಾಳ್ಮೆಯಿಂದ ಓದಿ. ಒಂದು ಕ್ಷೇತ್ರಕ್ಕೆ ಒಬ್ಬರಲ್ಲ, ಮೂರರಿಂದ ಐದು ಜನ ಆಯ್ಕೆ ಆಗ್ತಾರೆ. ಬ್ಯಾಲೆಟ್ ಪೇಪರಲ್ಲಿ ಎಲ್ಲರ ಫೋಟೋ ಇರುತ್ತೆ, ಬೂತಲ್ಲಿ ದಾರ ಕಟ್ಟಿದ ಪೆನ್ಸಿಲ್ ಇರುತ್ತೆ, ಇಷ್ಟ ಇದ್ದವರ ಮುಂದೆ 1, ಆಮೇಲೆ 2, 3 ಅಂತ ಬರೀತಾ ಹೋಗಬೇಕು. ಮೂರು ಸೀಟಿನ ಕ್ಷೇತ್ರ ಆದ್ರೆ ಒಟ್ಟು ಓಟಿನ ಕಾಲು ಭಾಗಕ್ಕಿಂತ ಒಂದು ಜಾಸ್ತಿ ತಗೊಂಡೋರು ಗೆದ್ದಂಗೆ, ಅದಕ್ಕೆ ಕೋಟಾ ಅಂತಾರೆ. ಗೆದ್ದವರ ಹತ್ರ ಮಿಕ್ಕಿದ ಓಟು, ಕೊನೇಲಿ ಬಂದು ಔಟ್ ಆದವರ ಓಟು, ಎಲ್ಲ ಮುಂದಿನ ನಂಬರ್ ಇರೋರಿಗೆ ಹೋಗುತ್ತೆ. ಎಣಿಕೆ ನೋಡೋದೇ ಒಂದು ಮಜಾ. ಅಡ್ಡಗಟ್ಟೆ ಆ ಕಡೆ ಸಿಬ್ಬಂದಿ ಒಂದೊಂದೇ ಪೇಪರ್ ಬಿಡಿಸ್ತಾ ಇರ್ತಾರೆ, ಈ ಕಡೆ ಪಕ್ಷದವರು ಕತ್ತು ಚಾಚಿ ನೋಡ್ತಾ ಹಾಳೆ ಮೇಲೆ ಗೀಟು ಹಾಕ್ಕೊಳ್ತಿರ್ತಾರೆ, ಟ್ಯಾಲಿ ಅಂತಾರೆ ಅದಕ್ಕೆ, ಯಾವ ಬೂತಿನ ಪೆಟ್ಟಿಗೇಲಿ ಯಾರಿಗೆ ಎಷ್ಟು ಬಂತು ಅಂತ ಅಧಿಕೃತ ರಿಸಲ್ಟ್‌ಗೆ ಮುಂಚೇನೇ ಅವರಿಗೆ ಗೊತ್ತಾಗಿರುತ್ತೆ, ಅಂದ್ರೆ ಮುಂದಿನ ಐದು ವರ್ಷ ಯಾವ ರಸ್ತೆಗೆ ಟಾರ್ ಬೀಳಬೇಕು ಅನ್ನೋದೂ ಹೆಚ್ಚುಕಮ್ಮಿ ಅಲ್ಲೇ ತೀರ್ಮಾನ ಆಗಿರುತ್ತೆ ಅಂತ ನನ್ನ ಗುಮಾನಿ. ಈ ಪದ್ಧತಿ ತೆಗೆದುಬಿಡೋಣ ಅಂತ ಫಿಯಾನಾ ಫಾಯಿಲ್ 1959ರಲ್ಲೂ 1968ರಲ್ಲೂ ಜನಮತ ಗಣನೆ ಮಾಡಿಸ್ತು, ಎರಡು ಸಲಾನೂ ಜನ ಬೇಡ ಅಂದ್ರು.

ಇದರಿಂದ ಏನಾಗುತ್ತೆ ಅಂದ್ರೆ, ಒಂದೇ ಪಕ್ಷದ ಇಬ್ಬರು ಒಂದೇ ಕ್ಷೇತ್ರದಲ್ಲಿ ನಿಂತಿರ್ತಾರೆ, ಪಾಲಿಸಿ ಇಬ್ಬರದೂ ಒಂದೇ, ಹಾಗಾಗಿ ಪೈಪೋಟಿ ಇರೋದು ಯಾರು ಜಾಸ್ತಿ ಕೆಲಸ ಮಾಡಿಕೊಡ್ತಾರೆ ಅನ್ನೋದ್ರಲ್ಲಿ. ಯಾರನ್ನೂ ಪೂರ್ತಿ ದೂರ ಮಾಡ್ಕೊಳ್ಳೋ ಹಾಗಿಲ್ಲ, ನಂಬರ್ 1 ಸಿಗದಿದ್ರೆ 2 ಆದ್ರೂ ಬೇಕಲ್ಲ. ಲೋಕಲ್ ಎಲೆಕ್ಷನ್‌ಗೆ ಇಲ್ಲಿ ಪೌರತ್ವ ಬೇಕಾಗಿಲ್ಲ, ವಾಸ ಇರೋ ವಯಸ್ಕರೆಲ್ಲ ಓಟು ಹಾಕಬಹುದು, ಹಾಗಾಗಿ 2024ರ ಜೂನಲ್ಲಿ ನಮ್ಮ ಮನೆ ಬಾಗಿಲಿಗೂ ಬಂದಿದ್ರು. ಮಳೇಲಿ ನೆನೆದ ಕರಪತ್ರ ಕೈಗಿಟ್ಟು ಮೊದಲು ಕೇಳಿದ್ದು ಯಾವ ಪಕ್ಷ ಅಂತಲ್ಲ, "ರೋಡು ಲೈಟು ಏನಾದ್ರೂ ಪ್ರಾಬ್ಲಂ ಇದೆಯಾ" ಅಂತ. ನಾನು ಇನ್ನೊಬ್ಬರಿಗೆ ಹಾಕಬೇಕು ಅಂತಿದೀನಿ ಅಂದೆ. ಒಂಚೂರೂ ಬೇಜಾರಿಲ್ಲದೆ, "ಪರವಾಗಿಲ್ಲ, ಎರಡನೇದು ನಮಗೆ ಇರಲಿ" ಅಂದು ಹೊರಟ್ರು. ಮುಖ ಗಂಟಿಕ್ಕದೆ ಹೋಗೋ ರಾಜಕಾರಣಿನ ನೋಡಿ ಖುಷಿ ಆಗಿದ್ದು ನಿಜ, ನಂಬರ್ 2 ಅವರಿಗೇ ಹಾಕಿದೆ.

ಮತ್ತೆ ಜಾಕಿ ಕಡೆ ಬರ್ತೀನಿ. 1997ರ ಸಂಸತ್ತಲ್ಲಿ (ಡಾಯಿಲ್) 166 ಸೀಟು. ಬರ್ಟಿ ಅಹರ್ನ್ ಅವರ ಫಿಯಾನಾ ಫಾಯಿಲ್‌ಗೆ 77, ಜೊತೆಗಿದ್ದ ಪ್ರೋಗ್ರೆಸಿವ್ ಡೆಮಾಕ್ರಾಟ್ಸ್‌ಗೆ 4, ಒಟ್ಟು 81. ಮೂರು ಕಮ್ಮಿ. ಡೊನೆಗಾಲ್‌ನ ಹ್ಯಾರಿ ಬ್ಲೇನಿ, ವಿಕ್ಲೋದ ಮಿಲ್ಡ್ರೆಡ್ ಫಾಕ್ಸ್, ಕೆರ್ರಿಯ ಜಾಕಿ ಹೀಲಿ-ರೇ, ಈ ಮೂರು ಪಕ್ಷೇತರರು ಸೇರಿದ್ರೆ 84, ಸರ್ಕಾರ ರೆಡಿ. ಯಾವ ಪಕ್ಷ ಟಿಕೆಟ್ ಕೊಡಲ್ಲ ಅಂತ ಹೊರಗೆ ದಬ್ಬಿತ್ತೋ ಅದೇ ಪಕ್ಷದ ಲೀಡರ್ ಅವರ ಮುಂದೆ ಬಂದು ಏನು ಬೇಕು ಹೇಳಿ ಅಂತ ಕೇಳೋ ಪರಿಸ್ಥಿತಿ. ಜಾಕಿ ಏನು ಕೇಳಿದ್ರು? ಮಂತ್ರಿ ಪದವಿ ಅಲ್ಲ. ರಸ್ತೆ, ಆಸ್ಪತ್ರೆ, ಸ್ಕೂಲು, ಎಲ್ಲ ದಕ್ಷಿಣ ಕೆರ್ರಿಗೆ. ಆ ಸರ್ಕಾರ ಐದು ವರ್ಷ ನಡೀತು, ಬೆಂಬಲ ಕೊಟ್ಟವರಿಗೆ ಏನಾದ್ರೂ ಸಿಕ್ಕಿರಲೇಬೇಕಲ್ಲ. 2002ರಲ್ಲಿ ಮತ್ತೆ ಗೆದ್ರು, 2007ರಲ್ಲೂ ಗೆದ್ರು, 76ನೇ ವಯಸ್ಸಲ್ಲಿ.

ಅವರ ವೇಷ, ಮಾತು ಎರಡೂ ಫೇಮಸ್. ಚೌಕಳಿ ಬಟ್ಟೆ ಟೋಪಿ ಒಂದು ತಲೆ ಮೇಲೆ ಯಾವಾಗಲೂ (ಜನಕ್ಕೆ ಟೋಪಿ ಹಾಕಿದ್ರೋ ಇಲ್ವೋ ಅದು ಮುಂದೆ ನೋಡೋಣ), ಕೆರ್ರಿ ಗುಡ್ಡಗಾಡಿನ ರಾಗ ಎಳೆಯೋ ಇಂಗ್ಲಿಷು, ಡಬ್ಲಿನ್ ಟಿವಿಯವರಿಗೆ ಅರ್ಧ ತಿಳೀತಿರಲಿಲ್ಲ. ನಿಮಗೆ ಓಟು ಹಾಕೋ ಸಾಮಾನ್ಯ ಜನ ಅಂದ್ರೆ ಯಾರು ಅಂತ ಕೇಳಿದಾಗ, ಮಟಮಟ ಮಧ್ಯಾಹ್ನ ದೊಡ್ಡ ಊಟ ಮಾಡೋರು ಅಂದಿದ್ರಂತೆ. ಮೈಮುರಿದು ದುಡಿಯೋನು ಮಧ್ಯಾಹ್ನಕ್ಕೆ ಹೊಟ್ಟೆ ತುಂಬ ತಿಂತಾನೆ, ಆಫೀಸಿನವನು ರಾತ್ರಿ ತಿಂತಾನೆ, ಅಷ್ಟೇ ವ್ಯತ್ಯಾಸ. ಸಮಾಜಶಾಸ್ತ್ರದವರು ನೂರು ಪುಟ ಬರೆಯೋದನ್ನ ಒಂದೇ ಸಾಲಲ್ಲಿ ಮುಗಿಸಿದ್ರು ಅಂತ ನಂಗನ್ಸುತ್ತೆ. ಪೇಪರ್ ಕಾರ್ಟೂನಿಸ್ಟುಗಳಿಗೆ ಹಬ್ಬ, ಅವರು ನಕ್ಕಷ್ಟೂ ಜಾಕಿಗೆ ಓಟು ಜಾಸ್ತಿ ಆಗ್ತಿತ್ತು, ಯಾಕಂದ್ರೆ ಆ ನಗು ತಮ್ಮ ಮೇಲೂ ಅಂತ ಹಳ್ಳಿ ಜನಕ್ಕೆ ಗೊತ್ತಾಗ್ತಿತ್ತು.

ಡ್ಯಾನಿಯ ಪರ್ಮಿಟ್ ವಿಷಯ ಇಲ್ಲೇ ಹೇಳಿಬಿಡ್ತೀನಿ. 2013ರ ಜನವರಿಲಿ ಕೆರ್ರಿ ಕೌಂಟಿ ಕೌನ್ಸಿಲ್‌ನಲ್ಲಿ ಡ್ಯಾನಿ ಒಂದು ನಿರ್ಣಯ ತಂದ್ರು, ದೂರದ ಹಳ್ಳಿಗಳಲ್ಲಿ ಒಂಟಿಯಾಗಿರೋ ವಯಸ್ಸಾದವರು ಎರಡು ಮೂರು ಗ್ಲಾಸ್ ಕುಡಿದು ಸಣ್ಣ ರಸ್ತೇಲಿ ನಿಧಾನಕ್ಕೆ ಮನೆಗೆ ಹೋಗೋಕೆ ಪೊಲೀಸ್ನೋರು ಪರ್ಮಿಟ್ ಕೊಡಲಿ ಅಂತ. 5-3ರಲ್ಲಿ ಪಾಸಾಯ್ತು, ಉಳಿದವರು ಒಂದೋ ಬಂದಿರಲಿಲ್ಲ ಇಲ್ಲಾ ಓಟು ಹಾಕಲಿಲ್ಲ. ಕಾನೂನು ಮಂತ್ರಿ ಅಲನ್ ಶಾಟರ್ ಆಗೋ ಮಾತಲ್ಲ ಅಂದ್ರು, ಅಲ್ಲಿಗೆ ಮುಗೀತು, ಆದ್ರೆ ಪ್ರಪಂಚದ ಪೇಪರ್‌ಗಳಲ್ಲೆಲ್ಲ ಬಂತು. ಐಡಿಯಾ ತಪ್ಪೇ, ಅದ್ರಲ್ಲಿ ಎರಡು ಮಾತಿಲ್ಲ, ಜೊತೆಗೆ ಹೇಳಿದವರದೇ ಒಂದು ಪಬ್ ಇತ್ತು ಅನ್ನೋದೂ ಮರೀಬಾರದು. ಆದ್ರೆ ಸಂಜೆ ಆರಾದ ಮೇಲೆ ಬಸ್ ಇಲ್ಲದ, ಪೋಸ್ಟ್ ಆಫೀಸ್ ಮುಚ್ಚಿದ, ಪೊಲೀಸ್ ಸ್ಟೇಷನ್‌ಗೂ ಬೀಗ ಬಿದ್ದ ಊರಲ್ಲಿ ಎಪ್ಪತ್ತು ವರ್ಷದ ಬ್ರಹ್ಮಚಾರಿ ರೈತ ಇಡೀ ವಾರ ಯಾರ ಹತ್ರ ಮಾತಾಡಬೇಕು ಅನ್ನೋ ಪ್ರಶ್ನೆ ಮಾತ್ರ ತಪ್ಪಲ್ಲ. ಆ ಪ್ರಶ್ನೆಗೆ ಸರಿಯಾದ ಉತ್ತರ ರಾತ್ರಿ ಬಸ್ಸು, ಅದನ್ನ ಕೇಳೋದು ಬಿಟ್ಟು ಪರ್ಮಿಟ್ ಕೇಳಿದ್ರು, ಬಸ್ ಕೇಳಿದ್ರೆ ಯಾವ ಪೇಪರಲ್ಲೂ ಬರ್ತಿರಲಿಲ್ಲ ಅನ್ನೋದು ಡ್ಯಾನಿಗೂ ಗೊತ್ತಿರಬೇಕು.

ಈಗ ನನ್ನ ಅಸಲಿ ತಕರಾರು. 2007ರಲ್ಲಿ ಮತ್ತೆ ಅಹರ್ನ್‌ಗೆ ಪಕ್ಷೇತರರ ಬೆಂಬಲ ಬೇಕಾಯ್ತು. ಜಾಕಿ, ಟಿಪ್ಪರರಿಯ ಮೈಕಲ್ ಲೋರಿ, ಡಬ್ಲಿನ್‌ನ ಫಿನಿಯನ್ ಮೆಗ್ರಾ ಇವರ ಜೊತೆ ಬೇರೆ ಬೇರೆ ಒಪ್ಪಂದ ಆಯ್ತು. ಅದರಲ್ಲಿ ಏನೇನಿದೆ ಅಂತ ವಿರೋಧ ಪಕ್ಷದವರು ಸಂಸತ್ತಲ್ಲಿ ಮತ್ತೆ ಮತ್ತೆ ಕೇಳಿದ್ರು, ಇದು ನಾನು ಪಕ್ಷದ ನಾಯಕನಾಗಿ ಮಾಡ್ಕೊಂಡಿದ್ದು ಸರ್ಕಾರದ ದಾಖಲೆ ಅಲ್ಲ ಅಂತ ಅಹರ್ನ್ ಜಾರಿಕೊಂಡ್ರು, ಪ್ರಕಟ ಮಾಡಲಿಲ್ಲ. ಎಂಥ ವಾದ ನೋಡಿ. ದುಡ್ಡು ಸರ್ಕಾರದ್ದು, ಖರ್ಚು ಮಾಡೋದು ಸರ್ಕಾರಿ ಇಲಾಖೆ, ಸಿಗೋ ಓಟು ಸರ್ಕಾರ ಉಳಿಸೋಕೆ, ಕಾಗದ ಮಾತ್ರ ಖಾಸಗಿ! ಕೆರ್ರಿಗೆ ಸಿಕ್ಕ ರಸ್ತೆ ಯಾವುದೋ ಮಾಮೂಲಿ ಯೋಜನೇಲಿ ಹೇಗೂ ಬರ್ತಿದ್ದದ್ದಾ, ಇಲ್ಲಾ ಬೇರೆ ಕೌಂಟಿಗೆ ಹೋಗಬೇಕಿದ್ದದ್ದನ್ನ ಈ ಕಡೆ ತಿರುಗಿಸಿದ್ದಾ, ಒಪ್ಪಂದ ಕಣ್ಣಿಗೆ ಬೀಳದಿದ್ರೆ ಯಾರು ಹೇಳೋಕಾಗುತ್ತೆ? ಜಾಕಿ ಹೊಗಳೋರಿಗೂ ಪ್ರೂಫ್ ಇಲ್ಲ, ತೆಗಳೋರಿಗೂ ಇಲ್ಲ.

ಬೇರೆ ದಾರಿ ಇರಲಿಲ್ಲ ಅನ್ನೋ ಹಾಗಿಲ್ಲ, ಇದೇ ದೇಶದಲ್ಲಿ ಇತ್ತು. 1982ರಲ್ಲಿ ಡಬ್ಲಿನ್ ನಡುಪಟ್ಟಣದ ಪಕ್ಷೇತರ ಟೋನಿ ಗ್ರೆಗರಿ, ಆಗಿನ ಫಿಯಾನಾ ಫಾಯಿಲ್ ನಾಯಕ ಚಾರ್ಲ್ಸ್ ಹಾಹಿ ಅವರಿಗೆ ಬೆಂಬಲ ಕೊಡೋಕೆ ಒಂದು ಒಪ್ಪಂದ ಮಾಡ್ಕೊಂಡ್ರು. ತಮ್ಮ ಕ್ಷೇತ್ರದ ಬಡವರ ಮನೆ, ಉದ್ಯೋಗ, ಸ್ಕೂಲು ಎಲ್ಲ ಅದರಲ್ಲಿ ಬರೆಸಿದ್ರು, ಸಹಿ ಹಾಕಿಸಿದ್ರು, ಆಮೇಲೆ ಅದನ್ನ ಸಂಸತ್ತಿನ ದಾಖಲೆಗೇ ಸೇರಿಸಿದ್ರು. ಎಲ್ರೂ ಬೈದ್ರು, ಒಬ್ಬ ಮನುಷ್ಯನ ಓಟಿಗೆ ಇಷ್ಟೊಂದು ದುಡ್ಡಾ ಅಂತ, ಬೈಯೋಕಾದ್ರೂ ಅದರಲ್ಲಿ ಏನಿದೆ ಅಂತ ಗೊತ್ತಿತ್ತಲ್ಲ, ನಾನು ಹೇಳೋದು ಅಷ್ಟೇ. ಆ ಸರ್ಕಾರ ವರ್ಷ ತುಂಬೋ ಮುಂಚೇನೇ ಬಿದ್ದೋಯ್ತು, ಒಪ್ಪಂದದ ಬಹುಪಾಲು ಕೆಲಸ ಆಗಲೇ ಇಲ್ಲ, ಆದ್ರೂ ಐರ್ಲೆಂಡಲ್ಲಿ ಇವತ್ತಿಗೂ ಗ್ರೆಗರಿ ಡೀಲ್ ಅಂದ್ರೆ ಎಲ್ಲರಿಗೂ ಗೊತ್ತು. ಟೈ ಕಟ್ಟದೆ ಸಂಸತ್ತಿಗೆ ಬರ್ತಿದ್ದ ಆ ಮನುಷ್ಯನಿಗೂ ಟೋಪಿ ಹಾಕ್ಕೊಂಡು ಬರ್ತಿದ್ದ ಜಾಕಿಗೂ ವೇಷದಲ್ಲಿ ಡಬ್ಲಿನ್ ದೊಡ್ಡೋರ ಮುಂದೆ ಒಂದೇ ಹಟ, ಕಾಗದದ ವಿಷಯದಲ್ಲಿ ಮಾತ್ರ ಅಜಗಜಾಂತರ.

ಒಪ್ಪಂದದ ಬೆಲೆ ಏನು ಅನ್ನೋದು 2008ರಿಂದ 2010ರ ನಡುವೆ ಗೊತ್ತಾಯ್ತು. ಬ್ಯಾಂಕುಗಳು ಮುಳುಗಿದ್ವು, ಸರ್ಕಾರ ಖರ್ಚು ಕತ್ತರಿಸೋಕೆ ಶುರು ಮಾಡ್ತು, 70 ವರ್ಷ ದಾಟಿದವರ ಮೆಡಿಕಲ್ ಕಾರ್ಡಿಗೂ ಕೈ ಹಾಕ್ತು. ಫಿನಿಯನ್ ಮೆಗ್ರಾ 2008ರ ಅಕ್ಟೋಬರಲ್ಲಿ ಬೆಂಬಲ ವಾಪಸ್ ತಗೊಂಡು ಹೊರಗೆ ಬಂದ್ರು. ಜಾಕಿ ಬರಲಿಲ್ಲ. 2010ರ ನವೆಂಬರಲ್ಲಿ ಐಎಂಎಫ್ ಮತ್ತು ಯುರೋಪಿನವರು ಸೇರಿ 85 ಬಿಲಿಯನ್ ಯೂರೋ ಪ್ಯಾಕೇಜ್ ಕೊಟ್ರು, ಡಿಸೆಂಬರಲ್ಲಿ, ಅಹರ್ನ್ ಆದ ಮೇಲೆ ಪ್ರಧಾನಿಯಾದ ಬ್ರಯನ್ ಕವನ್ ಸರ್ಕಾರ ತಂದ ಕಠಿಣ ಬಜೆಟ್ ಪಾಸಾಗಿದ್ದು ಲೋರಿ ಮತ್ತು ಜಾಕಿ ಓಟಿನ ಬಲದಿಂದ. ಆ ಚಳಿಗಾಲದ ಕತ್ತರಿಲಿ ಕನಿಷ್ಠ ಕೂಲಿ ಗಂಟೆಗೆ 8.65 ಯೂರೋ ಇದ್ದದ್ದು 7.65ಕ್ಕೆ ಬಂತು, ಮಕ್ಕಳ ಭತ್ಯೆನೂ ಇಳೀತು. ಯಾರಿಗೆ ಕತ್ತರಿ ಬಿತ್ತು? ಮಧ್ಯಾಹ್ನ ಊಟ ಮಾಡೋರಿಗೇ. ಸರ್ಕಾರ ಬೀಳಿಸಿದ್ರೆ ಇನ್ನೂ ಕೆಟ್ಟದಾಗ್ತಿತ್ತು, ಬೇರೆ ಯಾರು ಬಂದ್ರೂ ಅದೇ ಬಜೆಟ್ ತರ್ತಿದ್ರು ಅಂತ ಅವರ ಕಡೆಯೋರು ಹೇಳ್ತಾರೆ, ಅದೂ ಪೂರ್ತಿ ಸುಳ್ಳಲ್ಲ. ಆದ್ರೆ ಊರಿನ ಒಂದು ರಸ್ತೆಗೋಸ್ಕರ ಇಡೀ ದೇಶದ ಬಡವರ ಜೇಬಿನ ಮೇಲೆ ಓಟು ಹಾಕೋವಾಗ ಕ್ಷೇತ್ರದ ಎಂಪಿ ಅನ್ನೋ ನೆಪ ಎಲ್ಲಿವರೆಗೆ ನಡೆಯುತ್ತೆ? ಇದು ನನಗೆ ಅವರ ಕರಿಯರ್‌ನಲ್ಲಿ ಅತಿ ಕಷ್ಟದ ಜಾಗ, ಟೋಪಿ ಜೋಕುಗಳಲ್ಲಿ ಇದು ಕಾಣಿಸೋದೇ ಇಲ್ಲ.

2011ರಲ್ಲಿ ಅವರು ನಿಲ್ಲಲಿಲ್ಲ, ಮಗ ಮೈಕಲ್ ನಿಂತು ಗೆದ್ರು. ಸರ್ಕಾರದ ಬಗ್ಗೆ ಜನಕ್ಕಿದ್ದ ಸಿಟ್ಟು ಫಿಯಾನಾ ಫಾಯಿಲ್ ಮೇಲೆ ಪೂರ್ತಿ ಬಿತ್ತು, ಮಂತ್ರಿ ಆಗಿದ್ದ, ಸ್ಪೀಕರ್ ಕೂಡ ಆಗಿದ್ದ ಜಾನ್ ಓಡಾನಹ್ಯೂ ಅದೇ ಕ್ಷೇತ್ರದಲ್ಲಿ ಸೋತ್ರು, ಹೀಲಿ-ರೇ ಮನೆಗೆ ಏನೂ ಆಗಲಿಲ್ಲ! ಅಷ್ಟೇ ಅಲ್ಲ, ಅದೇ ವರ್ಷ ಹೊರಬಂದ ಫೋನ್ ಓಟಿನ ರಗಳೆನೂ ಏನೂ ಮಾಡಲಿಲ್ಲ. 2007ರಲ್ಲಿ ಮೈಕಲ್ ಟಿವಿಯ ಒಂದು ರಿಯಾಲಿಟಿ ಶೋ ಗೆದ್ದಿದ್ರು, ಅವರಿಗೆ ಓಟು ಹಾಕೋಕೆ ಸಂಸತ್ತಿನ ಫೋನಿಂದ 3,600ಕ್ಕೂ ಜಾಸ್ತಿ ಕಾಲ್ ಹೋಗಿತ್ತು ಅಂತ ಗೊತ್ತಾಯ್ತು, ಮಾಡಿದ್ದು ಯಾರು ಅಂತ ಗೊತ್ತಾಗಲಿಲ್ಲ, ಮೈಕಲ್ ದುಡ್ಡು ಕಟ್ಟಿದ್ರು. ಜಾಕಿ 2014ರ ಡಿಸೆಂಬರಲ್ಲಿ 83ನೇ ವಯಸ್ಸಲ್ಲಿ ತೀರಿಕೊಂಡ್ರು. 2016ರಲ್ಲಿ ಕೆರ್ರಿ ಪೂರ್ತಿ ಒಂದೇ ಐದು ಸೀಟಿನ ಕ್ಷೇತ್ರ ಆದಾಗ ಡ್ಯಾನಿನೂ ಕೊನೆ ಗಳಿಗೇಲಿ ನಾಮಿನೇಷನ್ ಹಾಕಿದ್ರು, ಮೈಕಲ್‌ಗೆ 20 ಸಾವಿರಕ್ಕೂ ಜಾಸ್ತಿ ಮೊದಲ ಓಟು ಬಿತ್ತು, ಮಿಕ್ಕಿದ್ದು ಅಣ್ಣನ ಕಡೆ ಹರೀತು, ಇಬ್ಬರೂ ಗೆದ್ರು. 2020, 2024ರಲ್ಲೂ ಇಬ್ಬರೂ.

ಇನ್ನು ಆ ಕೋ-ಆಪ್ಷನ್. 2003ರಲ್ಲಿ ಟಿಡಿ ಆದವರು ಕೌನ್ಸಿಲರ್ ಆಗಿರೋ ಹಾಗಿಲ್ಲ ಅಂತ ಕಾನೂನು ಬಂತು, ಜಾಕಿಯ ಕೌನ್ಸಿಲ್ ಕುರ್ಚಿಗೆ ಡ್ಯಾನಿ ಬಂದ್ರು. ಮೈಕಲ್ ಟಿಡಿ ಆದಾಗ ಅವರ ಕುರ್ಚಿಗೆ ಡ್ಯಾನಿ ಮಗ ಜಾನಿ, ಡ್ಯಾನಿ ಟಿಡಿ ಆದಾಗ ಅವರ ಕುರ್ಚಿಗೆ ಮಗಳು ಮೌರಾ. ಆಮೇಲೆ ಎಲೆಕ್ಷನ್‌ನಲ್ಲಿ ನಿಂತು ಗೆದ್ದೂ ತೋರಿಸಿದ್ರು, ಅದನ್ನ ಒಪ್ಪಬೇಕು. ಆದ್ರೆ ಮೊದಲ ಸಲ ಒಳಗೆ ಹೋಗಿದ್ದು ಜನ ಪೆನ್ಸಿಲ್ ಹಿಡಿಯದ ಬಾಗಿಲಿಂದ. ಓಲಿಯರಿ ಮಗನಿಗೆ ಟಿಕೆಟ್ ಕೊಟ್ರು ಅಂತ ಪಕ್ಷ ಬಿಟ್ಟ ಮನುಷ್ಯನ ಮನೇಲೇ ಹೀಗೆ.

2025ರ ಜನವರಿಯಲ್ಲಿ ಮೈಕಲ್ ಕೃಷಿ ಇಲಾಖೇಲಿ ಅರಣ್ಯ, ತೋಟಗಾರಿಕೆ, ಕೃಷಿ ಸುರಕ್ಷತೆ ನೋಡ್ಕೊಳ್ಳೋ ರಾಜ್ಯ ಮಂತ್ರಿ ಆದ್ರು, ಅಪ್ಪನಿಗೆ ಬೇಡವಾಗಿದ್ದು ಮಗನಿಗೆ ಬೇಕಾಯ್ತು. ಅದೇ ತಿಂಗಳು ಏಒವಿನ್ ಬಿರುಗಾಳಿ ಬಂದು ಮರಗಳೆಲ್ಲ ಮಲಗಿದ್ವು, ಅರಣ್ಯ ಮಂತ್ರಿಗೆ ಮೊದಲ ದಿನದಿಂದಲೇ ಕೈತುಂಬ ಕೆಲಸ. ಅತ್ತ ಸರ್ಕಾರಕ್ಕೆ ಬೆಂಬಲ ಕೊಟ್ಟ ಲೋರಿ, ಡ್ಯಾನಿ ಸೇರಿ ನಾಲ್ಕು ಪಕ್ಷೇತರರು ನಮಗೆ ವಿರೋಧ ಪಕ್ಷದ ಟೈಮಲ್ಲಿ ಮಾತಾಡೋಕೆ ಬಿಡಿ ಅಂದ್ರು. ಗಲಾಟೆ ಆಗಿ ಆ ದಿನ ಪ್ರಧಾನಿ ಆಯ್ಕೆನೇ ಮುಂದಕ್ಕೆ ಹೋಯ್ತು, ಮಾರನೇ ದಿನ ಮೀಹಾಲ್ ಮಾರ್ಟಿನ್ ಆಯ್ಕೆ ಆದ್ರು. ಮಾರ್ಚಲ್ಲಿ ಸರ್ಕಾರ ಗದ್ದಲದ ನಡುವೆನೇ ನಿಯಮ ಬದಲಾಯಿಸಿ, ಬೆಂಬಲ ಕೊಡೋ ಸದಸ್ಯರಿಗೆ ಅಂತಾನೇ ಬೇರೆ ಸಮಯ ಮಾಡಿಕೊಡ್ತು. ಆಗ ತಮ್ಮ ಮಂತ್ರಿ ಆಗಿದ್ರು, ಅಣ್ಣ ಸರ್ಕಾರವನ್ನ ಪ್ರಶ್ನೆ ಕೇಳೋರಾಗಿದ್ರು. ನಿಮ್ಮ ವರದಿಗಾರರು ಯಾರಾದ್ರೂ ಈ ಕಡೆ ಬಂದ್ರೆ ಡ್ಯಾನಿ ಹತ್ರ ದೇವರು, ಮಳೆ ವಿಷಯ ಕೇಳೋದು ಬಿಟ್ಟು, ಅಪ್ಪ 2007ರಲ್ಲಿ ಸಹಿ ಹಾಕಿದ ಕಾಗದದ ಕಾಪಿ ಮನೇಲಿದ್ರೆ ಒಂದ್ಸಲ ತೋರಿಸ್ತೀರಾ ಅಂತ ಕೇಳಲಿ.

ಇತಿ,
ನಿಮ್ಮ ಓದುಗ,
ಕಿಲಾರ್ನಿ, ಕೆರ್ರಿ ಕೌಂಟಿ, ಐರ್ಲೆಂಡ್